ಬಯ್ಯೂಮಿಯ ಮರದ ಪಟ್ಟಿ

ಇನ್ಶಿರಾಹ ಕೈರೋದ ಬುಲಾಕ್‌ ಬಡಾವಣೆಯ ಬಟ್ಟೆಪೇಟೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಅಳೆದು ಮಾರಿದವಳು. ಬಾಯಿ ಜೋರು, ಅಳತೆ ಅದಕ್ಕಿಂತ ಖಡಕ್ಕು. ಒಮ್ಮೆ ಪಕ್ಕದ ಅಂಗಡಿಯವನು ಕೊಳ್ಳಲು ಉದ್ದದ ಕೋಲು, ಮಾರಲು ಗಿಡ್ಡ ಕೋಲು ಇಟ್ಟುಕೊಂಡಿದ್ದನ್ನು ಪತ್ತೆ ಹಚ್ಚಿ, ಎರಡನ್ನೂ ನಡುಬೀದಿಯಲ್ಲಿ ಜೋಡಿಸಿ ತೋರಿಸಿ ಅವನ ಮಾನ ಹರಾಜು ಹಾಕಿದ್ದಳು. ಅಳತೆಗಳ್ಳರಿಗೆಂದೇ ಕುರಾನಿನಲ್ಲಿ ಶಾಪವಿದೆ. ಅದನ್ನು ಅವಳು ಮರೆತವಳಲ್ಲ, ಬೇರೆಯವರಿಗೂ ಮರೆಯಲು ಬಿಟ್ಟವಳಲ್ಲ.

ಗಂಡ ಬಯ್ಯೂಮಿಯದು ಮಾತಿಲ್ಲದ ಸ್ವಭಾವ. ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುವುದು ಅವನ ಕಸುಬು. ಹಳೇ ಕಾರುಗಳ ಹುಚ್ಚು ಹತ್ತಿದವರು, ಇಲ್ಲದ ಭಾಗಕ್ಕಾಗಿ ಕೈರೋದ ಗುಜರಿಯನ್ನೆಲ್ಲ ಜಾಲಾಡಿ ಸೋತು, ಕೊನೆಗೆ ಅವನ ಬಾಗಿಲಿಗೆ ಬರುತ್ತಿದ್ದರು. ಅವನು ಮರದಲ್ಲಿ ಕೆತ್ತಿಕೊಟ್ಟದ್ದನ್ನು ಜೊತೆಗಾರ ಫಂಗರಿ ಮರಳಿನಲ್ಲಿ ಒತ್ತಿ, ಬಿದ್ದ ಗುಳಿಗೆ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಿದ್ದ. ಮನೆಗೆ ಬಂದರೆ ಬಯ್ಯೂಮಿ ಕೆಲಸದ ವಿಷಯಕ್ಕೆ ತುಟಿ ಬಿಚ್ಚುತ್ತಿರಲಿಲ್ಲ. ಹೆಂಡತಿಯೂ ಕೇಳುತ್ತಿರಲಿಲ್ಲ, ಅವಳಿಗೆ ಹೇಳುವುದೇ ಅಷ್ಟಿರುತ್ತಿತ್ತು.

ಐವತ್ಮೂರರ ಫಿಯಟ್ ಒಂದಕ್ಕೆ ನೀರಿನ ಪಂಪಿನ ಕವಚ ಕೆತ್ತುತ್ತಿದ್ದಾಗ ಅವನು ಹಾಸಿಗೆ ಹಿಡಿದ. "ನನ್ನ ಪೆಟ್ಟಿಗೆ ಫಂಗರಿಗೆ ಕೊಡು" ಅಂದ. ಅದೇ ಕೊನೆಯ ಮಾತಾಯಿತು.

ಮಣ್ಣು ಮಾಡಿದ ಮೂರನೇ ದಿನ ಅವಳು ಧೂಳು ಒರೆಸಲೆಂದು ಪೆಟ್ಟಿಗೆ ತೆರೆದಳು. ಉಳಿಗಳ ಕೆಳಗೆ ಎರಡು ಅಳತೆಪಟ್ಟಿಗಳಿದ್ದವು, ಒಂದು ಸ್ಟೀಲಿನದು, ಒಂದು ಮರದ್ದು. ಕೈ ಕೇಳಬೇಕಲ್ಲ, ತನ್ನ ಟೇಪು ತಂದು ಎರಡರ ಮೇಲೂ ಇಟ್ಟಳು. ಸ್ಟೀಲಿನದು ಸರಿಯಿತ್ತು. ಮರದ ಪಟ್ಟಿಯಲ್ಲಿ ಮೂವತ್ತು ಸೆಂಟಿಮೀಟರಿನ ಗೀಟು ನಿಜವಾದ ಮೂವತ್ತರಿಂದ ನಾಲ್ಕು ಮಿಲಿಮೀಟರು ಆಚೆಗಿತ್ತು. ಗೀಟುಗಳು ಬಯ್ಯೂಮಿಯ ಕೈಯವೇ.

"ನೀನೂನಾ?" ಅಂದಳು ಖಾಲಿ ಕೋಣೆಗೆ.

ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು. ಮರದ ವ್ಯಾಪಾರಿಗಳಿಗೆ ಇವನು ಎಷ್ಟು ವರ್ಷ ಟೋಪಿ ಹಾಕಿದ್ದನೋ! ಆ ದುಡ್ಡಿನ ಅನ್ನವನ್ನೇ ತಾನೂ ಉಂಡದ್ದು. ಗೋರಿಯೊಳಗೆ ಈಗಾಗಲೇ ದೇವದೂತರ ವಿಚಾರಣೆ ನಡೆದಿರುತ್ತದೆ, ಅವನು ಏನು ಹೇಳಿರುತ್ತಾನೆ? ಅವಳಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಆಮೇಲೆ ಅಳು ಬಂತು. ತಾರಸಿಗೆ ಹೋಗಿ ಪಟ್ಟಿಯನ್ನು ಮೊಣಕಾಲಿಗೆ ಕೊಟ್ಟು ಮುರಿದು, ತಗಡಿನ ಡಬ್ಬಿಯಲ್ಲಿ ಹಾಕಿ ಸುಟ್ಟಳು. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು.

ಗುರುವಾರಗಳಂದು ಓಣಿಯ ಹೆಂಗಸರು ಶುರೈಕ್ ಬ್ರೆಡ್ಡು ಹೊತ್ತು ತಮ್ಮವರ ಗೋರಿಗಳಿಗೆ ಹೋಗಿ, ಸತ್ತವರಿಗೆ ಪುಣ್ಯ ಸಲ್ಲಲೆಂದು ಹಂಚಿ ಬರುತ್ತಾರೆ. ಇನ್ಶಿರಾಹ ಹೋಗಲಿಲ್ಲ. ಮಸೀದಿಯ ಬಾಗಿಲಲ್ಲಿ, ಗಂಡನಿಂದ ಮೋಸಹೋದ ಹೆಸರು ಗೊತ್ತಿಲ್ಲದವರ ಲೆಕ್ಕದಲ್ಲಿ ಬ್ರೆಡ್ಡು ಹಂಚಿದಳು. ದಿನಕ್ಕೆ ಐದು ಸಲ ಒಂದೇ ಬೇಡಿಕೆ: ಈ ಕಳ್ಳನನ್ನು ಮನ್ನಿಸು.

ನಲವತ್ತನೇ ದಿನ ನಾಳೆ ಎನ್ನುವಾಗ ಫಂಗರಿ ಬಂದ.

"ಪೆಟ್ಟಿಗೆ ಕೊಡಿ, ಅತ್ತಿಗೆ. ಫಿಯಟ್ಟಿನ ಅಚ್ಚು ಅರ್ಧಕ್ಕೇ ನಿಂತಿದೆ. ಕಾರಿನ ಯಜಮಾನ ದಿನಾ ಬಂದು ಕೂತು, ನನ್ನ ಚಹಾ ಎಲ್ಲಾ ಖಾಲಿ ಮಾಡ್ತಿದಾನೆ."

ಕೊಟ್ಟಳು. ಅವನು ತಳದವರೆಗೂ ತಡಕಿದ. "ಮರದ ಪಟ್ಟಿ ಎಲ್ಲಿ?"

"ಯಾವುದು, ಆ ಸುಳ್ಳು ಪಟ್ಟಿನಾ?"

ಫಂಗರಿ ನಕ್ಕ. "ಸುಳ್ಳೇ, ಆದ್ರೆ ಬೇಕಾದ ಸುಳ್ಳು. ಕರಗಿದ ಲೋಹ ಆರಿದ್ಮೇಲೆ ಕುಗ್ಗುತ್ತೆ. ಮೂವತ್ತು ಬೇಕು ಅಂತ ಮೂವತ್ತೇ ಕೆತ್ತಿದ್ರೆ, ಕೈಗೆ ಬರೋದು ಕಡಿಮೆ. ಅದಕ್ಕೇ ಅಚ್ಚಿನವರ ಪಟ್ಟಿ ಒಂಚೂರು ಉದ್ದ. ನನ್ನ ಕುಲುಮೆ ಲೋಹ ಎಷ್ಟು ಕುಗ್ಗುತ್ತೆ ಅಂತ ಎಂಟು ವರ್ಷ ನೋಡಿ ನೋಡಿ ಅಣ್ಣ ಗೀಚಿದ್ದು ಅದು. ಪೇಟೇಲಿ ಸಿಗೋ ಪಟ್ಟಿ ನನಗೆ ಆಗ್ಬರಲ್ಲ."

"ಮರ ಕೊಳ್ಳೋವಾಗ? ಆಗ ಯಾವುದರಲ್ಲಿ ಅಳೀತಿದ್ದ?"

"ಸ್ಟೀಲಿಂದರಲ್ಲಿ, ಇನ್ಯಾವುದರಲ್ಲಿ? ಒಂದ್ಸಲ ವ್ಯಾಪಾರಿ ಗೇಣುದ್ದ ಹೆಚ್ಚಿಗೆ ಕೊಟ್ಟಿದ್ದ. ಸುಡು ಬಿಸಿಲಲ್ಲಿ ಅಣ್ಣ ಹಲಗೆ ವಾಪಸ್ ಹೊತ್ಕೊಂಡು ಹೊರಟ, ಪುಣ್ಯಾತ್ಮ! ನಿನಗೆ ತಲೆ ಕೆಟ್ಟಿದೆ ಅಂತ ಬೈದೆ. ಅದಕ್ಕವನು, 'ಮನೇಲಿ ಇನ್ಶಿರಾಹ ಇದ್ದಾಳೆ ಕಣೋ, ಅವಳಿಗೆ ಮುಖ ಹೇಗೆ ತೋರಿಸ್ಲಿ?' ಅಂದ. ಈಗ ಹೇಳಿ, ಪಟ್ಟಿ ಎಲ್ಲಿಟ್ಟಿದೀರಿ?"

"ಸುಟ್ಟೆ."

ಯಾಕೆ ಎಂದು ಫಂಗರಿ ಕೇಳಿದ. ಅವಳು ಎಲ್ಲ ಹೇಳಿದಳು, ಒಂದನ್ನೂ ಬಿಡದೆ. ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ಹೋಗಿಬರ್ತೀನಿ ಎನ್ನಲಿಲ್ಲ. ಆಮೇಲೆ ಪೇಟೆಯ ಪಟ್ಟಿಯಲ್ಲೇ ಅಚ್ಚು ಮುಗಿಸಿ ಎರಡು ಸಲ ಹೊಯ್ದನಂತೆ. ಎರಡು ಸಲವೂ ಕವಚ ಕೂರಲಿಲ್ಲ. ಆ ಫಿಯಟ್ ಇನ್ನೂ ಇಟ್ಟಿಗೆಗಳ ಮೇಲೇ ನಿಂತಿದೆ.

ಫಂಗರಿ ಬಂದುಹೋದ ಮರುದಿನ, ನಲವತ್ತನೆಯ ದಿನ, ಇನ್ಶಿರಾಹ ಬುಟ್ಟಿ ತುಂಬ ಶುರೈಕ್ ಹೊತ್ತು ಸ್ಮಶಾನಕ್ಕೆ ಹೋದಳು. ನೆರೆಯ ಹೆಂಗಸರು ದಾರಿ ಬಿಟ್ಟರು, "ಅಂತೂ ಬಂದ್ಯಲ್ಲಾ ಮಾರಾಯ್ತಿ" ಎಂದು ಕುಟುಕಿದರು. ಅವಳು ಗೇಟಿನವರೆಗೆ ನಡೆದಳು. ಅಲ್ಲಿಂದ ಬಯ್ಯೂಮಿಯ ಗೋರಿ ಕಾಣುತ್ತಿತ್ತು, ಇಪ್ಪತ್ತು ಹೆಜ್ಜೆ. ಬುಟ್ಟಿಯನ್ನು ಕಾವಲುಗಾರನ ಕೈಗೆ ಕೊಟ್ಟು, ಮುಸುಕನ್ನು ಮುಖದ ಮೇಲೆ ಎಳೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದಳು.