ವಿಭೂತಿ ಹಿಡಿಯದ ಬಣ್ಣ

ಐವತ್ತು ದಾಟಿದವನು ಕೆಂಪು ಬೈಕು ಕೊಳ್ಳಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಜಯನಗರದ ಶೋರೂಮಿನಲ್ಲಿ ನನ್ನ ಅಕ್ಕನ ಮಗ ಅಂಥದೊಂದು ಕಾನೂನು ಮಾಡಿಯೇಬಿಟ್ಟ.

"ಮಾವ, ಈ ವಯಸ್ಸಲ್ಲಿ ಹೊಳೆಯೋ ಕೆಂಪು ಬೇಡ, ಗ್ಯಾಸ್ ಸಿಲಿಂಡರ್ ಥರ ಕಾಣುತ್ತೆ. ಮ್ಯಾಟ್ ಬೂದು ತಗೊಳ್ಳಿ. ಸಖತ್ತಾಗಿದೆ, ಮಾರೋವಾಗ್ಲೂ ಒಳ್ಳೆ ರೇಟು."

ಸುತ್ತ ನಿಂತ ಗಾಡಿಗಳೆಲ್ಲ ಹೊಳಪಿಲ್ಲದ ಬೂದು, ಹೊಳಪಿಲ್ಲದ ಕಪ್ಪು. ಸೀಮೆಎಣ್ಣೆ ಸ್ಟೌವಿನ ಮಸಿ ಬಳಿದಂತಿದ್ದವು. ಆದರೂ ಎಲ್ಲರೂ ಒಯ್ಯುವುದು ಅದನ್ನೇ ಅಲ್ಲವೇ ಎಂದು ನಾನು ಅರ್ಧ ಸೋತಿದ್ದೆ.

ಜೊತೆಗೆ ಬಂದಿದ್ದ ಅಮ್ಮ ಬೂದು ಟ್ಯಾಂಕನ್ನು ಸವರಿ, "ಇದರ ಮೇಲೆ ವಿಭೂತಿ ಹಚ್ಚಿದ್ರೆ ಕಾಣ್ಸುತ್ತೇನಪ್ಪ?" ಎಂದು ಸೇಲ್ಸ್‌ನವನನ್ನು ಕೇಳಿದಳು. ಅಮ್ಮ ಮೂರು ಬೆರಳಲ್ಲಿ ವಿಭೂತಿ ಎಳೆಯದೆ ನಮ್ಮ ಮನೆಯ ಯಾವ ಗಾಡಿಯೂ ರಸ್ತೆಗಿಳಿದದ್ದಿಲ್ಲ.

"ಅಯ್ಯೋ, ಮ್ಯಾಟ್ ಮೇಲೆ ವಿಭೂತಿ, ಕುಂಕುಮ ಏನೂ ಬೇಡಮ್ಮ, ಕಲೆ ಹೋಗಲ್ಲ. ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಡ್ತೀವಿ, ಅದಕ್ಕೆ ಹಚ್ಚಿ. ಪೂಜೆ ಆದ್ಮೇಲೆ ಕಿತ್ತು ಬಿಸಾಕಿ."

ಅಮ್ಮ ತಪ್ಪು ಮಾಡಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ನನಗೆ ಅಷ್ಟು ಸಾಕಾಯಿತು.

"ಕೆಂಪೇ ಬರ್ಕೊಳ್ರಿ," ಎಂದೆ.

"ಅದನ್ನ ಯಾರೂ ತಗೊಳ್ಳಲ್ಲ ಸಾರ್. ತರಿಸ್ಬೇಕು, ಒಂದು ತಿಂಗಳಾಗುತ್ತೆ."

"ಆಗ್ಲಿ. ನಮ್ಮಮ್ಮ ಮುಟ್ಟೋಕೆ ಹೆದರೋ ಗಾಡಿ ನಂಗ್ಯಾಕ್ರೀ?"

"ಆದ್ರೆ ಮಾವ, ನಾಳೆ ಮಾರೋವಾಗ..." ಎಂದು ಹುಡುಗ ರಾಗ ಎಳೆದ.

"ಮಾರಿದ್ರೆ ತಾನೇ!" ಎಂದು ಸಹಿ ಹಾಕಿದೆ.