ತಾರೀಖು ಇಲ್ಲದ ಪೋಸ್ಟರ್

ನಮ್ಮೂರಿಗೆ ರೇಡಿಯೊ ಬರುವ ಮೊದಲು ನಾಟಕದ ಸುದ್ದಿ ಗೋಡೆಯ ಮೇಲೆ ಬರುತ್ತಿತ್ತು. ನನ್ನ ಅಪ್ಪ ನಾಟಕ ಕಂಪನಿಯಲ್ಲಿ ಖಳನ ಪಾತ್ರ ಮಾಡುತ್ತಿದ್ದರು. ಹೊಸ ಊರಿನಲ್ಲಿ ಮೈದಾ ಅಂಟು ಕುದಿಸಿ, ತಮ್ಮ ಮೀಸೆಯ ಚಿತ್ರವಿದ್ದ ಪೋಸ್ಟರನ್ನು ತಾವೇ ಹಚ್ಚುತ್ತಿದ್ದರು. ಒಮ್ಮೆ ಅಚ್ಚು ಹಾಕಿಸಿದರೆ ಹತ್ತು ಊರಿಗೆ ಸಾಕು. ಅದಕ್ಕೇ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ. ಹಚ್ಚಿದ ಮೇಲೆ ಕಂಪನಿಯ ಪೇಂಟರ್ ಬಂದು ಅಲ್ಲಿ ಊರು, ತಾರೀಖು ಬರೆಯುತ್ತಿದ್ದ.

ಕಳೆದ ವರ್ಷ ಇಲ್ಲಿ ಪರದೇಶದಲ್ಲಿ, ನಮ್ಮ ದೇಶದವರೇ ತುಂಬಿದ ಬಡಾವಣೆ ಗಿರಾವೀನ್‌ನಲ್ಲಿ ನನ್ನ ಹಿರಿ ಮೊಮ್ಮಗಳು, ನಿಮ್ಮಕ್ಕ, ಒಬ್ಬಳೇ ಆಡುವ ಇಂಗ್ಲಿಷ್ ನಾಟಕ ಕಟ್ಟಿದಳು. ಹಾಲ್ ಬುಕ್ ಆಯಿತು. ಫೋನಿನಲ್ಲಿ ಎಷ್ಟು ಸಲ ಸುದ್ದಿ ಹಾಕಿದರೂ ಬರುತ್ತೇವೆ ಎಂದವರು ಮನೆಯ ಐದು ಜನ ಮಾತ್ರ. ಮನೆಯವರೆದುರು ಆಡಲು ಅಡುಗೆಮನೆ ಸಾಕು, ಇದೊಂದು ಮುಗಿದರೆ ಇನ್ನು ನಾಟಕವೇ ಬೇಡ ಎಂದಳು. ನಾನು ಮೆಲ್ಲಗೆ ಪೋಸ್ಟರಿನ ಮಾತೆತ್ತಿದೆ. ಅವಳಿಗೆ ಹಿಡಿಸಿತು. ಮೇಲೆ ಹೆಸರು, ನಡುವೆ ಮುಖ, ಕೆಳಗೆ ನಾಲ್ಕು ಬೆರಳು ಖಾಲಿ ಇರಲಿ, ಹಚ್ಚಿದ ಮೇಲೆ ಬರೆಯುವುದು ಎಂದೆ. ನಾನು ಬರೆಯುತ್ತೇನೆಂದು ಅವಳು ಅಂದುಕೊಂಡಳು, ಅವಳು ಬರೆಯುತ್ತಾಳೆಂದು ನಾನು. ಅಂಗಡಿಯವರನ್ನು ಕೇಳಿ ಕಿಟಕಿಗಳಿಗೆಲ್ಲ ಹಚ್ಚಿ ಬಂದಳು.

ಮರುದಿನ ದಿನಸಿ ಅಂಗಡಿಯ ಧಾರವಾಡದ ಆಂಟಿ ಫೋನ್ ಮಾಡಿದರು.

"ಅಕ್ಕಾರ, ಹುಡುಗಿ ಮಾರಿ ಛಂದ ಬಂದದ. ಆದ್ರ ಆಟ ಎಲ್ಲಿ, ಯಾವತ್ತು? ಕನಸಿನ್ಯಾಗ ಬಂದು ಹೇಳ್ತಾಳೇನು?"

ನಾಟಕಕ್ಕೆ ನಾಲ್ಕೇ ದಿನ. ನಿಮ್ಮಕ್ಕನಿಗೆ ಯೂನಿವರ್ಸಿಟಿಯಲ್ಲಿ ಪರೀಕ್ಷೆ.

ನಿಮ್ಮ ಅಜ್ಜ ಇದ್ದಾಗ ಅಂಗಡಿಯಲ್ಲಿ ಮಾತೆಲ್ಲ ಅವರದು. ನಾನು ಚೀಲ ಹಿಡಿದು ಹಿಂದೆ ನಿಲ್ಲುವವಳು. ಅಂದು ದಪ್ಪ ಪೆನ್ನು ಹಿಡಿದು ಒಬ್ಬಳೇ ಹೊರಟೆ. ನಿಮ್ಮಕ್ಕ ಚೀಟಿಯಲ್ಲಿ ಕೊಟ್ಟ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನೋಡಿ ಪೋಸ್ಟರಿನ ಖಾಲಿ ಜಾಗದಲ್ಲಿ ಹಾಲ್, ತಾರೀಖು ಬರೆದೆ. ನನ್ನ ಕೈ ನಿಧಾನ. ಅಷ್ಟರಲ್ಲಿ ಜನ ಹಿಂದೆ ನಿಲ್ಲುತ್ತಿದ್ದರು. ಕ್ಷೌರದ ಅಂಗಡಿಯವನು ಇವಳು ಯಾರು ಎಂದು ಹಿಂದಿಯಲ್ಲಿ ಕೇಳಿದ. "ಮೇರಿ ಪೋತಿ", ನನ್ನ ಮೊಮ್ಮಗಳು, ಎಂದೆ. ಕಥೆ ಏನು ಎಂದ. ನನಗೆ ಬಂದ ಹಿಂದಿಯಲ್ಲಿ ಅರ್ಧ ಹೇಳಿದೆ. ಆಮೇಲೆ ಏನಾಯಿತು ಎಂದು ಅವನು ಕತ್ತರಿ ನಿಲ್ಲಿಸಿದ. ಹಿಂದಿ ಮುಗಿದಿತ್ತು, ಶನಿವಾರ ಬನ್ನಿ ಎಂದೆ. ಮುಂದಿನ ಅಂಗಡಿಗಳಲ್ಲೂ ಬೇಕೆಂದೇ ಕಥೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಶನಿವಾರ ನಿಮ್ಮಕ್ಕ ಪರದೆಯ ಸಂದಿಯಿಂದ ಇಣುಕಿದಳು. ಹಿಂದಿನ ಎರಡು ಸಾಲು ಬಿಟ್ಟರೆ ಹಾಲ್ ತುಂಬಿತ್ತು.

"ಅಜ್ಜಿ, ಹೂ ಆರ್ ದೀಸ್ ಪೀಪಲ್?"

"ನಿನ್ನ ನೋಡಾಕ ಬಂದೋರು. ನಡಿ."

ನಡೆದಳು. ಈಗ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಅದೇ ನಾಟಕಕ್ಕೆ ಹಾಲ್ ಹುಡುಕುತ್ತಿದ್ದಾಳೆ.