ಜುಹೂ ಮರಳಿಗೊಂದು ನಿಂಬೆಹಣ್ಣು

ಕಳೆದ ಭಾನುವಾರ ತುಂಬಿದ ಹಾಲ್‌ನಲ್ಲಿ, ಎಲ್ಲರೂ ನೋಡುತ್ತಿದ್ದ ಹಾಗೆ, ನನ್ನದೇ ಚಿತ್ರಕ್ಕೆ ನಾನು ನಿಂಬೆಹಣ್ಣು ಹಿಂಡಿದೆ. ಈಕೆಗೆ ತಲೆ ಕೆಟ್ಟಿದೆ ಎಂದು ಹಲವರು ಅಂದುಕೊಂಡಿರಬೇಕು. ಕೆಟ್ಟಿರಲಿಲ್ಲ. ಇಷ್ಟು ನೆಟ್ಟಗಿನ ಬುದ್ಧಿಯಿಂದ ಈ ವರ್ಷ ನಾನು ಇನ್ನಾವ ಕೆಲಸವನ್ನೂ ಮಾಡಿಲ್ಲ.

ನನಗೆ ಕಾಗದದ ಚಿತ್ರಗಳ ಹುಚ್ಚು. (ಇದಕ್ಕೆ ಕೊಲಾಜ್ ಎನ್ನುತ್ತಾರಂತೆ. ನಮ್ಮ ಮನೆಯವರು ಕಸ ಎನ್ನುತ್ತಾರೆ.) ಬಿಳಿ ಕಾಗದಕ್ಕೆ ಬಣ್ಣ ಬಳಿದು ಒಣಗಿಸುವುದು, ಆಮೇಲೆ ಅದನ್ನು ಹರಿದು, ಮೈದಾ ಅಂಟಿನಿಂದ ರಟ್ಟಿನ ಮೇಲೆ ಅಂಟಿಸುವುದು. ಬಣ್ಣಕ್ಕೆ ಅಡುಗೆಮನೆಯೇ ಅಂಗಡಿ. ಸಮುದ್ರಕ್ಕೆ ಬಟ್ಟೆಗೆ ಹಾಕುವ ನೀಲಿ, ಒದ್ದೆ ಮರಳಿಗೆ ಕಾಫಿ ಡಿಕಾಕ್ಷನ್, ಒಣ ಮರಳಿಗೆ ತೆಳ್ಳಗೆ ಅರಿಶಿನದ ನೀರು.

ನಾನು ಹುಟ್ಟಿದ್ದು ಮಲ್ಪೆಯಲ್ಲಿ. ಅಲ್ಲಿ ಸಮುದ್ರವೆಂದರೆ ಹಿತ್ತಲ ಬಾವಿಯಷ್ಟೇ ಮಾಮೂಲು. ಯಾರು ನಿಂತು ನೋಡುತ್ತಾರೆ? ನೋಡಲು ಕಲಿತದ್ದು ಈ ಮುಂಬಯಿಯಲ್ಲಿ. ಬೆಳಗ್ಗೆ ಯಜಮಾನರು ಫೋರ್ಟಿನ ಆಫೀಸಿಗೆಂದು ಲೋಕಲ್ ರೈಲು ಹತ್ತಿದ ಮೇಲೆ ನಾನು ನಮ್ಮ ಮನೆಯಿರುವ ಪಾರ್ಲೆಯಿಂದ ಜುಹೂ ಕಡಲತೀರಕ್ಕೆ ನಡೆದುಬಿಡುತ್ತೇನೆ. ಈ ಚಳಿಗಾಲವಿಡೀ ನೋಡಿದ್ದು ಒಂದೇ: ಇಳಿತದ ಹೊತ್ತಿನ ಮರಳು. ಅಲೆ ಹಿಂದಕ್ಕೆ ಸರಿದಾಗ ಮರಳು ಮೊದಲು ಕನ್ನಡಿಯಂತೆ ಹೊಳೆಯುತ್ತದೆ, ನೋಡನೋಡುತ್ತಲೇ ಮಂಕಾಗುತ್ತದೆ. ಆಮೇಲೆ ಪುಟ್ಟ ಏಡಿಗಳು ಬಿಲದಿಂದ ಬಂದು ಸುತ್ತಲೂ ಮರಳಿನ ಉಂಡೆ ಕಟ್ಟಿಡುತ್ತವೆ.

ಒಂದು ಗುಟ್ಟೂ ಹೇಳಿಬಿಡುತ್ತೇನೆ. ಬಣ್ಣದ ಕಾಗದವನ್ನು ಕತ್ತರಿಸಬಾರದು, ಕೈಯಿಂದ ಹರಿಯಬೇಕು. ಹರಿದ ಅಂಚಿನಲ್ಲಿ ಒಳಗಿನ ಬಿಳಿ ಇಣುಕುತ್ತದೆ. ಅದೇ ನೊರೆ! ಇದು ನನಗೆ ಹೊಳೆದ ದಿನ ಸಾರು ಉಕ್ಕಿ ಒಲೆ ಆರಿತ್ತು. ನನಗೇನೂ ಬೇಸರವಾಗಲಿಲ್ಲ.

ನಮ್ಮ ಕನ್ನಡ ಸಂಘದ ಮಹಿಳೆಯರ ಕಲಾಪ್ರದರ್ಶನಕ್ಕೆ ಆ ಜುಹೂ ಮರಳಿನ ಚಿತ್ರವನ್ನು ಒಯ್ದಾಗ ಕಾರ್ಯದರ್ಶಿನಿ ಕಮಲಕ್ಕ ಮುಖ ಸಿಂಡರಿಸಿದರು. "ಕಸೂತಿ ತಂದಿದ್ದರೆ ಆಗ್ತಿತ್ತಪ್ಪ. ಇದು ಮಕ್ಕಳ ಆಟ ಅಲ್ವಾ?" ನನಗೆ ಉರಿಯಿತು. ಆಟವೋ ಕಲೆಯೋ ಭಾನುವಾರ ತೀರ್ಮಾನವಾಗಲಿ ಎಂದು ಹಟ ಹಿಡಿದು ಒಪ್ಪಿಸಿದೆ. ಶನಿವಾರ ಸಂಜೆ, ಧೂಳು ಕೂರದಿರಲೆಂದು ಚಿತ್ರದ ಮುಖವನ್ನು ಗೋಡೆಗೆ ಮಾಡಿ ಒರಗಿಸಿ ಬಂದೆ.

ಗೋಡೆಗೆ ಅಂದೇ ಸುಣ್ಣ ಬಳಿದಿದ್ದರು. ಹಸಿ ಇನ್ನೂ ಆರಿರಲಿಲ್ಲ.

ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕೇ? ಎಷ್ಟು ಮದುವೆಗಳಲ್ಲಿ ಆರತಿಗೆ ಕೆಂಪು ನೀರು ಕಲಸಿದ ಕೈ ಇದು! ಭಾನುವಾರ ಬಂದು ನೋಡಿದರೆ ನನ್ನ ಮರಳು ಕುಂಕುಮದ ಭರಣಿ ಚೆಲ್ಲಿದಂತೆ ಕೆಂಪಾಗಿತ್ತು. ಅದನ್ನು ಆಗಲೇ ಗೋಡೆಗೆ ತೂಗುಹಾಕಿದ್ದರು. ಎದುರಿಗೆ ತೀರ್ಪುಗಾರರು ನಿಂತಿದ್ದರು, ಊರಿಗೆಲ್ಲ ಹೆಸರಾದ ಚಿತ್ರಕಾರರು.

"ಬ್ಯೂಟಿಫುಲ್! ವೆರಿ ಬೋಲ್ಡ್!" ಎಂದರು ಅವರು. ಮರಳನ್ನು ಹೀಗೆ ಕೆಂಪಾಗಿಸುವ ಧೈರ್ಯ ಎಲ್ಲರಿಗೂ ಬರುವುದಿಲ್ಲವಂತೆ. ಮುಳುಗುವ ಸೂರ್ಯನ ದುಃಖವೆಲ್ಲ ಅದರಲ್ಲಿದೆಯಂತೆ. ಕಮಲಕ್ಕ ಆಗಲೇ ನನ್ನ ಕೈ ಹಿಡಿದುಕೊಂಡು ಹೆಮ್ಮೆಯಿಂದ ನಗುತ್ತಿದ್ದರು.

"ಅದು ಬೆಳಗಿನ ಹೊತ್ತು" ಎಂದೆ ನಾನು.

"ಸುಮ್ಮನಿರು ಮಾರಾಯ್ತಿ" ಎಂದು ಯಜಮಾನರು ಕಿವಿಯಲ್ಲಿ ಪಿಸುಗುಟ್ಟಿದರು. "ಫಸ್ಟ್ ಪ್ರೈಜ್ ಬರುವ ಹಾಗಿದೆ."

ಆಸೆಯಾಗಲಿಲ್ಲವೇ? ಆಯಿತು, ಸುಳ್ಳೇಕೆ ಹೇಳಲಿ? ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಮ್ಮ ಪಡುವಣ ಕಡಲಿಗೆ ಬೆಳಗಿನ ಸೂರ್ಯ ಬೆನ್ನ ಹಿಂದಿನಿಂದ ಬರುತ್ತಾನೆ. ಆ ಹೊತ್ತಿನ ಮರಳಿಗೆ ಕೆಂಪೆಲ್ಲಿಯದು? ಆ ತಿಳಿಹಳದಿಯನ್ನು ಹಿಡಿಯಲು ಅರಿಶಿನವನ್ನು ಎಷ್ಟು ಸಲ ನೀರಲ್ಲಿ ಕಲಸಿ ಚೆಲ್ಲಿದ್ದೇನೆಂದು ನನಗೆ ಮಾತ್ರ ಗೊತ್ತು. ಹೊಗಳಿಕೆ ಸಿಕ್ಕಿದ್ದು ಗೋಡೆಯ ಸುಣ್ಣಕ್ಕೆ. ಅದನ್ನು ನಾನು ಹೇಗೆ ತೆಗೆದುಕೊಳ್ಳಲಿ?

ಹಿಂದಿನ ಕೋಣೆಯಲ್ಲಿ ಅತಿಥಿಗಳಿಗೆ ಶರಬತ್ತು ತಯಾರಾಗುತ್ತಿತ್ತು. ಅಲ್ಲಿಂದ ಒಂದು ಹೋಳು ನಿಂಬೆ ತಂದೆ. ಚಿತ್ರವನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟು, ರಸ ಹಿಂಡಿ, ಹತ್ತಿಯಿಂದ ಮೆಲ್ಲಗೆ ಒತ್ತಿದೆ. ಹುಳಿ ತಾಗಿದಲ್ಲೆಲ್ಲ ಕೆಂಪು ಇಳಿದು ಹಳದಿ ಎದ್ದು ಬಂತು. "ಅಯ್ಯೋ, ಇದಕ್ಕೇನಾಯ್ತು?" ಎಂದರು ಕಮಲಕ್ಕ. "ಬೆಳಗಾಯ್ತು" ಎಂದೆ.

ಒಂದು ಮೂಲೆಯಲ್ಲಿ ಸ್ವಲ್ಪ ಕಲೆ ಉಳಿಯಿತು. ಇರಲಿ. ಮೊದಲ ಬಹುಮಾನ ಕಾಶ್ಮೀರದ ಸರೋವರದ ಕಸೂತಿಗೆ ಹೋಯಿತು. (ಅದನ್ನು ಹೊಲಿದವರು ಇಲ್ಲೇ ಪಕ್ಕದ ಗೋರೆಗಾಂವ್ ದಾಟಿ ಆಚೆ ಹೋದವರಲ್ಲ. ಕೈಕೆಲಸ ಮಾತ್ರ ಚೆನ್ನಾಗಿತ್ತು, ಅಲ್ಲವೆನ್ನಲಾರೆ.) ಯಜಮಾನರು ದಾರಿಯುದ್ದಕ್ಕೂ ಗೊಣಗಿದರು. ಮನೆಗೆ ಬಂದ ಮೇಲೆ ಮಾತ್ರ, ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಚಿತ್ರವನ್ನು ತಾವೇ ತೂಗುಹಾಕಿದರು.

ಪ್ರದರ್ಶನದಿಂದ ಹೊರಡುವಾಗ ತೀರ್ಪುಗಾರರು ಬಳಿ ಬಂದು ಮರುಗಿದ್ದರು: "ಎಂಥಾ ಚಿತ್ರ ಹಾಳು ಮಾಡಿದಿರಿ ತಾಯೀ! ಈಗ ಅದು ಬರೀ ಮರಳು."

ಬರೀ ಮರಳಾಗಲೆಂದೇ ಅಲ್ಲವೇ ಸ್ವಾಮೀ, ನಾನು ಇಡೀ ಚಳಿಗಾಲ ಕಷ್ಟಪಟ್ಟದ್ದು?